ಸಮರಾತ್ರಿ ಕಳೆದ ಮೇಲೆ ಬರುವ ವಿಷು

ನಮ್ಮ ಸಿದ್ದಾಪುರದ ಕಡೆ ವಿಷು ಬರುವುದು ಏಪ್ರಿಲ್ 14ರ ಆಸುಪಾಸಿಗೆ. ಅಮ್ಮ ಹಿಂದಿನ ರಾತ್ರಿಯೇ ದೇವರ ಮುಂದೆ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಗೇರುಹಣ್ಣು, ಕನ್ನಡಿ ಜೋಡಿಸಿ ಕಣಿ ಇಡುತ್ತಾಳೆ. "ಇವತ್ತ್ ಹಗ್ಲ್ ರಾತ್ರಿ ಎರಡೂ ಸಮ" ಎನ್ನುತ್ತಾಳೆ.

ಲೆಕ್ಕ ಬೇರೆಯೇ ಇದೆ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ. ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಸುಮಾರಿಗೆ ಆ ವಾಲಿಕೆ ಸೂರ್ಯನ ಕಡೆಗೂ ಇರುವುದಿಲ್ಲ, ಅವನಿಂದ ಆಚೆಗೂ ಇರುವುದಿಲ್ಲ. ಆಗ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ವಿಷುವಿನ ಹೊತ್ತಿಗೆ ನಮ್ಮೂರ ಹಗಲು ಸುಮಾರು 12 ಗಂಟೆ 25 ನಿಮಿಷ. ಪೂರ್ವಕ್ಕೆ ಘಟ್ಟ ಅಡ್ಡ ಇರುವುದರಿಂದ ಸೂರ್ಯ ಮುಖ ತೋರುವುದು ಸ್ವಲ್ಪ ತಡ, ಅಷ್ಟೆ.

ಹಿರಿಯರು ತಪ್ಪಿದರೇ? ಇಲ್ಲ. ಸುಮಾರು 1,700 ವರ್ಷಗಳ ಹಿಂದೆ ವಿಷು ಬೀಳುವ ಮೇಷ ಸಂಕ್ರಮಣವೂ ಸಮರಾತ್ರಿಯೂ ಒಟ್ಟಿಗೇ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ತೂಗುತ್ತ ಸುಮಾರು 72 ವರ್ಷಕ್ಕೊಂದು ಡಿಗ್ರಿ ಸರಿಯಿತು. ಪಂಚಾಂಗ ನಕ್ಷತ್ರಗಳನ್ನೇ ನೆಚ್ಚಿಕೊಂಡಿತು. ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರಲ್ಲಿ ಬಂದ ರಾಷ್ಟ್ರೀಯ ಪಂಚಾಂಗ ಚೈತ್ರದ ಮೊದಲ ದಿನವನ್ನು ಮಾರ್ಚ್ 22ಕ್ಕೆ ಇಟ್ಟಿತು. ಕಣಿ ಇಡುವವರು ಕದಲಲಿಲ್ಲ.

ಹಾಗಾದರೆ ಜಾರಿದ ದಿನದ ಪೂಜೆಗೆ ಫಲವುಂಟೇ? ಉಂಟು ಎನ್ನುತ್ತೇನೆ. ಕಣಿ ಆಕಾಶಕ್ಕೆ ಒಪ್ಪಿಸುವ ಲೆಕ್ಕವಲ್ಲ. ಗದ್ದೆ ತೋಟ ಕೊಟ್ಟದ್ದನ್ನು ವರ್ಷದ ಮೊದಲ ನೋಟದಲ್ಲಿ ನೆನೆಯುವುದು. ಅದಕ್ಕೆ ಹಿರಿಯರ ದಿನವೇ ಇರಲಿ. ಆದರೆ "ಇವತ್ತು ಸಮವೇ?" ಎಂದು ಮಕ್ಕಳು ಕೇಳಿದರೆ ಭಕ್ತಿಯ ಹೆಸರಲ್ಲಿ ಹೌದೆನ್ನಬೇಡಿ. ಕಣಿ ತೋರಿಸಿ, ಕಾರಣವನ್ನೂ ಹೇಳಿ.