ದೇಹ ತಂಬೂರಿಯಾದರೆ ದುರಸ್ತಿ ಯಾರದು?

ಯಾದಗಿರಿಯ ರಾಮಸಮುದ್ರದಿಂದ ಹಿಡಿದು ಶಹಾಪುರ, ಸುರಪುರ ದಾಟಿ ಕೃಷ್ಣೆಯ ದಂಡೆಯ ತಿಂಥಣಿಯವರೆಗಿನ ನೆಲ ತತ್ವಪದಗಳ ಸೀಮೆ. ಕಡಕೋಳ ಮಡಿವಾಳಪ್ಪನವರೂ ಅವರ ದಾರಿಯಲ್ಲಿ ನಡೆದವರೂ ಕಟ್ಟಿದ ಪದಗಳು ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಈ ಭಾಗದ ಭಜನೆಗಳಲ್ಲಿ ಬಾಳಿಕೊಂಡು ಬಂದಿವೆ. ಈ ಹಾಡುಗಾರಿಕೆಗೆ ಬಹಳ ಪ್ರಿಯವಾದ ಹೋಲಿಕೆ ಒಂದಿದೆ: ಮೈಯೇ ತಂಬೂರಿ, ಉಸಿರೇ ತಂತಿ, ನುಡಿಸುವವನು ಮಾತ್ರ ಬೇರೆ. ಈ ಹೋಲಿಕೆಯಿಂದ ಸಾಮಾನ್ಯವಾಗಿ ತೆಗೆಯುವ ಪಾಠ ವೈರಾಗ್ಯದ್ದು. ತಂತಿ ಹರಿದರೆ ನಾದ ಹೋಯಿತು, ಬುರುಡೆ ಒಡೆದರೆ ಎಲ್ಲ ಮುಗಿಯಿತು, ಆದ್ದರಿಂದ ಕಟ್ಟಿಗೆಯ ಮೇಲೆ ಆಸೆ ಇಡಬೇಡ ಎನ್ನುವುದು ಆ ಪಾಠ. ಅದು ಹಳೆಯದು, ಗೌರವಕ್ಕೆ ತಕ್ಕದ್ದು, ಆದರೂ ಪೂರ್ತಿಯಾದದ್ದಲ್ಲ. ತಂತಿ ಹರಿದ ಮಾತ್ರಕ್ಕೆ ಯಾವ ಭಜನಾ ಮೇಳವೂ ತಂಬೂರಿಯನ್ನು ಹೊಳೆಗೆ ಬಿಡುವುದಿಲ್ಲ. ಹೊಸ ತಂತಿ ಹಾಕುತ್ತದೆ, ಸಡಿಲಾದ ಬಿರಡೆ ಬಿಗಿ ಮಾಡಿಸುತ್ತದೆ, ಸೀಳಿದ ದಂಡಿಗೆಯನ್ನು ಬಡಿಗೇರ ಮನೆಗೆ ಒಯ್ಯುತ್ತದೆ. ದೇಹವನ್ನು ನಿಜವಾಗಿಯೂ ತಂಬೂರಿಗೆ ಹೋಲಿಸುವುದಾದರೆ ಈ ದುರಸ್ತಿಯೂ ಹೋಲಿಕೆಯೊಳಗೆ ಬರಬೇಕು. ಬಂದರೆ, ದೇಹ ಮತ್ತು ಆತ್ಮದ ಹಳೆಯ ಪ್ರಶ್ನೆ ನಮ್ಮನ್ನು ವೈರಾಗ್ಯದ ಕಡೆಗಿಂತ ಹೊಣೆಯ ಕಡೆಗೆ ಒಯ್ಯುತ್ತದೆ ಎಂಬುದು ಈ ಬರಹದ ವಾದ.

ಹೋಲಿಕೆಯ ಬೇರು ಬಹಳ ಆಳದ್ದು. ಐತರೇಯ ಆರಣ್ಯಕ ಮನುಷ್ಯನ ಶರೀರವನ್ನು ದೈವೀ ವೀಣೆ ಎಂದು ಕರೆದು, ಮರದ ವೀಣೆ ಅದರ ಅನುಕರಣೆ ಎನ್ನುತ್ತದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳುವಂತೆ, ವೀಣೆಯಿಂದ ಹೊರಬಿದ್ದ ಸದ್ದನ್ನು ಹಿಡಿಯಲಾಗದು. ವೀಣೆಯನ್ನೋ ನುಡಿಸುವವನನ್ನೋ ಹಿಡಿದರೆ ಸದ್ದೂ ಸಿಕ್ಕುತ್ತದೆ. ಸಂಯುತ್ತ ನಿಕಾಯದ ವೀಣಾ ಸುತ್ತದಲ್ಲಿ ಒಬ್ಬ ರಾಜ ನಾದಕ್ಕೆ ಮನಸೋತು, ಆ ನಾದವನ್ನೇ ತಂದುಕೊಡಿ ಎನ್ನುತ್ತಾನೆ. ವೀಣೆಯನ್ನು ಚೂರು ಚೂರು ಮಾಡಿ ಹುಡುಕಿದರೂ ಅವನಿಗೆ ಅದು ಸಿಕ್ಕುವುದಿಲ್ಲ. ಗ್ರೀಸಿನಲ್ಲಿ ಪ್ಲೇಟೋನ ‘ಫೀಡೋ’ ಸಂವಾದದ ಸಿಮ್ಮಿಯಾಸ್, ಲೈರ್ ವಾದ್ಯದ ಶ್ರುತಿಯೂ ಕಣ್ಣಿಗೆ ಕಾಣದ ಸುಂದರ ವಸ್ತುವೇ, ಆದರೂ ವಾದ್ಯ ಮುರಿದರೆ ಅದು ಉಳಿಯುವುದಿಲ್ಲ, ಆತ್ಮವೂ ಹಾಗೆಯೇ ಏಕಿರಬಾರದು ಎಂದು ಕೇಳುತ್ತಾನೆ. ಈ ಎಲ್ಲ ಕಡೆ ಮರವಿದೆ, ನಾದವಿದೆ, ನುಡಿಸುವವನೋ ಕೇಳುವವನೋ ಇದ್ದಾನೆ. ಮರ ಕೆತ್ತಿದವನಿಗೆ ಮಾತ್ರ ಜಾಗವಿಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ಇಲ್ಲಿಗೆ ದೊಡ್ಡದೊಂದನ್ನು ಸೇರಿಸಿದರು. ತಮ್ಮ ಮೈಯನ್ನು ದಂಡಿಗೆಯಾಗಿ, ತಲೆಯನ್ನು ಸೋರೆಯಾಗಿ, ನರಗಳನ್ನು ತಂತಿಯಾಗಿ ಮಾಡಿ, ಆಮೇಲೆ ಎದೆಗೊತ್ತಿ ನುಡಿಸು ಎಂದು ಅವರು ಕೂಡಲಸಂಗಮನನ್ನು ಬೇಡುವ ವಚನ ಪ್ರಸಿದ್ಧವಾದದ್ದು. ಅಲ್ಲಿ ದೇವರು ಮೊದಲು ವಾದ್ಯ ಮಾಡುವವನಾಗಬೇಕು, ಬಳಿಕ ವಾದಕನಾಗಬೇಕು. ಕಲ್ಯಾಣದ ಶರಣರ ನಡುವೆ ಕಿನ್ನರಿ ನುಡಿಸುವ ಬ್ರಹ್ಮಯ್ಯನೂ ಇದ್ದ, ಬಾಚಿ ಹಿಡಿದು ಮರಗೆಲಸ ಮಾಡುವ ಬಸವಯ್ಯನೂ ಇದ್ದ ಎಂಬುದನ್ನು ನೆನೆದರೆ ದೇವರಿಗೆ ಬಡಿಗನ ಕೆಲಸ ಒಪ್ಪಿಸಿದ್ದು ಅಚ್ಚರಿಯೆನಿಸದು. ಆದರೆ ಮಾಡಿದ ವಾದ್ಯ ಹದಗೆಟ್ಟಾಗ ಮುಂದೇನು ಎಂಬ ಪ್ರಶ್ನೆ ಆಗಲೂ ಬಾಕಿ ಉಳಿಯಿತು.

ಹದಗೆಡುವುದು ಮರದ ವಾದ್ಯದ ಸಹಜ ಸ್ಥಿತಿ. ಕಡಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಎಳೆಯ ಉದ್ದಕ್ಕೆ ಅಷ್ಟಾಗಿ ಅಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಬಿಸಿಲು 40 ಡಿಗ್ರಿ ಮೀರುವ ಯಾದಗಿರಿಯ ಬೇಸಿಗೆಯಲ್ಲಿ ಒಣಗಿದ ಹಲಗೆ ಸೀಳು ಬಿಡುತ್ತದೆ, ಬೆಸುಗೆ ಬಾಯಿ ತೆರೆಯುತ್ತದೆ, ಬಿರಡೆ ತೂತಿನಲ್ಲಿ ನಿಲ್ಲದೆ ತಿರುಗುತ್ತದೆ. ಮಳೆಗಾಲ ಬಂದರೆ ಅದೇ ಬಿರಡೆ ಕಚ್ಚಿಕೊಳ್ಳುತ್ತದೆ, ಚೌಡಿಕೆ ವಾದ್ಯದ ತೊಗಲು ತೇವಕ್ಕೆ ಸಡಿಲಾಗುತ್ತದೆ. ಸೋರೆ ಬುರುಡೆಗೆ ಹುಳು ಬೀಳುತ್ತದೆ. ಒಂದೇ ತಂತಿಯ ಏಕತಾರಿಗೇ ಇಷ್ಟು ಆರೈಕೆ ಬೇಕಾದರೆ ಸರಸ್ವತಿ ವೀಣೆಯ ಪಾಡು ಹೇಳುವಂತಿಲ್ಲ. ಅದರ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಮೇಣ ಒಣಗಿ ಮೆಟ್ಟಿಲು ಸವೆದಾಗ ಎಲ್ಲವನ್ನೂ ಕಿತ್ತು, ಹೊಸ ಮೇಣ ಹಾಕಿ, ಕಿವಿಯಿಂದಲೇ ಪ್ರತಿ ಸ್ವರದ ಜಾಗ ಗೊತ್ತುಮಾಡಿ ಮತ್ತೆ ಮೇಳ ಕಟ್ಟಬೇಕು. ಕೆಲವು ವರ್ಷಗಳಿಗೊಮ್ಮೆ ಇದು ನಡೆಯದಿದ್ದರೆ ಎಂಥ ವೈಣಿಕನ ಕೈಯಲ್ಲೂ ವೀಣೆ ಅಪಸ್ವರ ನುಡಿಯುತ್ತದೆ. ಅಂದಮೇಲೆ ವಾದ್ಯ ಒಮ್ಮೆ ಹುಟ್ಟಿ, ಒಮ್ಮೆ ಸಾಯುವ ವಸ್ತುವಲ್ಲ. ಮುರಿಯುವುದು, ಕೂಡುವುದು ಅದರ ಬದುಕಿನ ದಿನಚರಿ.

ದೇಹವನ್ನು ಆತ್ಮದ ಬಂದೀಖಾನೆಯೆಂದು ಬಗೆಯುವವರಿಗೆ ವಾದ್ಯ ದುರಸ್ತಿಯಿಂದ ಸಿಗುವ ಮೊದಲ ಉತ್ತರ ತಂಬೂರಿಯ ಕುದುರೆಯಲ್ಲಿ, ಎಂದರೆ ತಂತಿಗೆ ಆಸರೆಯಾಗುವ ತುಂಡಿನಲ್ಲಿದೆ. ತಂಬೂರಿಯ ತಂತಿ ಕುದುರೆಯ ಅಗಲವಾದ, ತುಸು ಬಾಗಿದ ಮೈಯನ್ನು ಸವರುತ್ತ ಮಿಡಿಯುತ್ತದೆ; ತಂತಿಗೂ ಕುದುರೆಗೂ ನಡುವೆ ಸಣ್ಣ ನೂಲಿನೆಳೆ ಇಟ್ಟು ಆ ಸ್ಪರ್ಶವನ್ನು ಹದ ಮಾಡುತ್ತಾರೆ. ಆ ಮೈ ಸವೆದು ಗೀರು ಬಿದ್ದರೆ ನಾದ ಮಂಕಾಗುತ್ತದೆ. ಆಗ ಕುಶಲಕರ್ಮಿ ಅದನ್ನು ಅರದಿಂದ ತೀಡಿ ಜವಾರಿ ಮಾಡುತ್ತಾನೆ. 1921ರ ಸುಮಾರಿಗೆ ಸಿ.ವಿ. ರಾಮನ್ ವೀಣೆ, ತಂಬೂರಿಗಳ ಈ ಕುದುರೆಯನ್ನೇ ಪರಿಶೀಲಿಸಿ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ ಆ ಜಾಗದಲ್ಲಿ ಅಲುಗದೆ ನಿಲ್ಲುವ ಅನುಸ್ವರಗಳು ಕೇಳಿಸಬಾರದು ಎಂಬುದು ಭೌತಶಾಸ್ತ್ರದಲ್ಲಿ ಆಗ ಒಪ್ಪಿತವಾಗಿದ್ದ ನಿಯಮ. ನಮ್ಮ ವಾದ್ಯಗಳಲ್ಲಿ ಅವೂ ಕೇಳಿಸುತ್ತವೆ, ಅದಕ್ಕೆ ಕಾರಣ ಬಾಗಿದ ಕುದುರೆಯ ಮೇಲೆ ತಂತಿ ಸವರುವ ರೀತಿ ಎಂದು ರಾಮನ್ ತೋರಿಸಿದರು. ಇದರ ಅರ್ಥ ಸಣ್ಣದಲ್ಲ. ತಂಬೂರಿಯ ನಾದ ತುಂಬಿಕೊಳ್ಳುವುದು ತಂತಿ ತನ್ನ ಆಸರೆಗೆ ತಾಗುವುದರಿಂದ, ಆ ತಡೆಯಿಂದ. ತಾಗದ ತಂತಿಯ ದನಿ ಬಡವಾದದ್ದು. ದೇಹದ ಹಸಿವು, ದಣಿವು, ವಯಸ್ಸುಗಳು ಆತ್ಮಸಾಧನೆಗೆ ಅಡ್ಡಿ ಮಾತ್ರ ಎಂದು ಹೇಳುವವರು ತಂಬೂರಿಯನ್ನು ಸಾಕ್ಷಿಗೆ ಕರೆಯುವಂತಿಲ್ಲ. ತಂಬೂರಿ ಅವರ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಇಲ್ಲಿ ಸಿಮ್ಮಿಯಾಸ್ ಎದ್ದು ನಿಲ್ಲುತ್ತಾನೆ. ನಾದ ಇಷ್ಟರಮಟ್ಟಿಗೆ ಮರವನ್ನೇ ನೆಚ್ಚಿದ್ದರೆ ಆತ್ಮವೆಂಬುದು ದೇಹದ ಶ್ರುತಿಯಷ್ಟೇ ಆಯಿತು, ದೇಹದೊಂದಿಗೇ ಅಳಿಯಿತು ಎನ್ನುತ್ತಾನೆ. ಇದು ಗಟ್ಟಿಯಾದ ಆಕ್ಷೇಪ. ಸಾಕ್ರಟೀಸನ ಉತ್ತರಗಳಲ್ಲೊಂದು, ಶ್ರುತಿ ವಾದ್ಯದ ಭಾಗಗಳನ್ನು ಹಿಂಬಾಲಿಸುತ್ತದೆ, ಆತ್ಮವಾದರೋ ದೇಹವನ್ನು ಆಳುತ್ತದೆ, ಅದಕ್ಕೆ ಎದುರಾಡುತ್ತದೆ ಎಂಬುದು. ದುರಸ್ತಿ ಮಾಡುವವನ ಕೆಲಸ ನೋಡಿದರೆ ಇಬ್ಬರ ಮಾತಿನಲ್ಲೂ ಕೊರತೆ ಕಾಣುತ್ತದೆ. ಶ್ರುತಿ ಯಾವಾಗಲೂ ಭಾಗಗಳನ್ನು ಹಿಂಬಾಲಿಸುವುದಿಲ್ಲ. ಮೇಳ ಕಟ್ಟುವವನ ಕಿವಿಯಲ್ಲಿ ಶ್ರುತಿ ಮೊದಲೇ ಇರುತ್ತದೆ, ಮೆಟ್ಟಿಲುಗಳು ಅದನ್ನು ಹಿಂಬಾಲಿಸುತ್ತವೆ. ಆದರೆ ಆ ಕಿವಿ ಆಕಾಶದಿಂದ ಇಳಿದದ್ದಲ್ಲ. ಮತ್ತೊಬ್ಬ ಕುಶಲಕರ್ಮಿಯ ಹತ್ತಿರ, ಹಳೆಯ ವಾದ್ಯಗಳ ಸಹವಾಸದಲ್ಲಿ, ಹಾಡುವವರ ನಡುವೆ ಪಳಗಿದ್ದು. ಒಂದು ವಾದ್ಯ ಮೌನವಾದಾಗ ಅದರ ಶ್ರುತಿ ಜಗತ್ತಿನಿಂದ ಅಳಿದುಹೋಗುವುದಿಲ್ಲ, ಯಾವ ಮರವೂ ಇಲ್ಲದ ಲೋಕದಲ್ಲಿ ಹೋಗಿ ಕೂರುವುದೂ ಇಲ್ಲ. ಅದನ್ನು ಬಲ್ಲ ಜನರಲ್ಲಿ ಉಳಿಯುತ್ತದೆ. ಇನ್ನೊಂದು ವಾದ್ಯಕ್ಕೆ ದಾಟುತ್ತದೆ. ವೀಣಾ ಸುತ್ತದಲ್ಲಿ ನಾದಕ್ಕೆ ಕಾರಣಗಳನ್ನು ಎಣಿಸುವಾಗ ಬುರುಡೆ, ತೊಗಲು, ದಂಡಿಗೆ, ತಂತಿಗಳ ಕೊನೆಗೆ ಮನುಷ್ಯನ ತಕ್ಕ ಪ್ರಯತ್ನವನ್ನೂ ಸೇರಿಸಿದ್ದಾರೆ. ಆ ಪ್ರಯತ್ನ ಬರಿಯ ವಾದಕನದು ಎಂದು ಓದುವುದು ರೂಢಿ. ಅದರಲ್ಲಿ ಕಟ್ಟಿದವನ, ರಿಪೇರಿ ಮಾಡಿದವನ ಪ್ರಯತ್ನವೂ ಇದೆ ಎಂದು ಓದಿದರೆ, ನನ್ನ ಆತ್ಮ ಎಂದು ನಾನು ಕರೆಯುವುದರಲ್ಲಿ ನನ್ನನ್ನು ಸಾಕಿದ, ತಿದ್ದಿದ, ಕಾಯಿಲೆಯಲ್ಲಿ ನೋಡಿಕೊಂಡ ಎಷ್ಟೋ ಕೈಗಳ ಪಾಲಿದೆ ಎಂಬುದು ತಿಳಿಯುತ್ತದೆ. ಸಾವಿನಾಚೆಗೆ ಏನಿದೆ ಎಂಬುದನ್ನು ತಂಬೂರಿ ತೀರ್ಮಾನಿಸಲಾರದು. ಸಾವಿನ ಈಚೆಗೆ ಯಾರೂ ಒಂಟಿಯಾಗಿ ಶ್ರುತಿಯಲ್ಲಿ ನಿಂತವರಲ್ಲ ಎಂಬುದನ್ನು ಮಾತ್ರ ಅದು ಸಂದೇಹವಿಲ್ಲದೆ ಹೇಳಬಲ್ಲದು.

ಎರಡನೆಯ ಆಕ್ಷೇಪ ಗುರುತಿನದು. ತಂತಿ ಬದಲಾಯಿತು, ಬಿರಡೆ ಬದಲಾಯಿತು, ಬುರುಡೆಯೂ ಹೊಸದಾಯಿತು. ಇದು ಅದೇ ತಂಬೂರಿ ಹೇಗೆ? ಗುರುಗಳು ನುಡಿಸಿದ್ದೆಂದು ಮಠದಲ್ಲಿ ಪೂಜೆಗೊಳ್ಳುವ ಏಕತಾರಿಯ ಪವಿತ್ರತೆ ಯಾವ ಚೂರಿನಲ್ಲಿದೆ? ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಅಥೆನ್ಸಿನವರ ಕಥೆ ಹೇಳುವಾಗ ಪ್ಲೂಟಾರ್ಕ್ ಎತ್ತಿದ್ದೂ ಇದೇ ಸಮಸ್ಯೆ. ಭಗ್ನವಾದದ್ದು ಪೂಜೆಗೆ ಸಲ್ಲದು ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಆದರೆ ಆಗಮಗಳು ಅಲ್ಲಿಗೇ ನಿಂತಿಲ್ಲ. ಜೀರ್ಣೋದ್ಧಾರಕ್ಕೆಂದೇ ವಿಧಿಗಳಿವೆ, ಮೂರ್ತಿಯ ಶಕ್ತಿಯನ್ನು ಕುಂಭಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠಾಪಿಸುತ್ತಾರೆ. ಪುರಿಯ ಜಗನ್ನಾಥನ ಮರದ ಮೂರ್ತಿಯನ್ನು ನವಕಳೇವರದಲ್ಲಿ ಹೊಸದಾಗಿ ಕೆತ್ತುತ್ತಾರೆ, 2015ರಲ್ಲೂ ಅದು ನಡೆಯಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದ್ಯಾಮವ್ವ ಮರದ ದೇವಿ. ಜಾತ್ರೆಗೆ ಮುಂಚೆ ಅವಳನ್ನು ಬಣ್ಣಕ್ಕೆ ಕೊಡುವ ಪದ್ಧತಿಯಿದೆ, ಊರವರು ಅವಳಿಲ್ಲದೆ ಕಾಯುತ್ತಾರೆ, ಹೊಸ ಬಣ್ಣದಲ್ಲಿ ಬಂದವಳನ್ನು ಅದೇ ತಾಯಿಯೆಂದು ಎದುರುಗೊಳ್ಳುತ್ತಾರೆ. ಗುರುತು ಕಟ್ಟಿಗೆಯ ಕಣದಲ್ಲಿದೆ ಎಂದು ಅವರು ನಂಬಿದ್ದರೆ ಈ ಎದುರುಗೊಳ್ಳುವಿಕೆಯೇ ಸಾಧ್ಯವಿರಲಿಲ್ಲ. ಆರೈಕೆ ಎಲ್ಲಿ ಕಡಿದುಹೋಗದೆ ಮುಂದುವರಿದಿದೆಯೋ ಅಲ್ಲಿ ಗುರುತು ಮುಂದುವರಿದಿದೆ. ಗಾಜಿನ ಪೆಟ್ಟಿಗೆಯಲ್ಲಿ ತಂತಿಯಿಲ್ಲದೆ ಇಟ್ಟ ಗುರುಗಳ ಏಕತಾರಿಗಿಂತ, ಬುರುಡೆ ಬದಲಾಗಿಯೂ ಪ್ರತಿ ಅಮಾವಾಸ್ಯೆ ಭಜನೆಯಲ್ಲಿ ನುಡಿಯುವ ಏಕತಾರಿ ಗುರುಗಳಿಗೆ ಹೆಚ್ಚು ಹತ್ತಿರದ್ದು.

ಮೂರನೆಯ ಆಕ್ಷೇಪ ಕಠಿಣವಾದದ್ದು. ದುರಸ್ತಿಯನ್ನೇ ಧರ್ಮವೆನ್ನುವುದು ಕೆಟ್ಟದ್ದನ್ನೂ ಕಾಪಾಡುವ ದಾರಿಯಾಗದೇ? ಎಲ್ಲಮ್ಮನ ಚೌಡಿಕೆಯ ಜೊತೆಗೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರೂರ ಪದ್ಧತಿಯೂ ಅಂಟಿಕೊಂಡಿತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದಿತು. ಆಗ ಚೌಡಿಕೆಯನ್ನೂ ಎಸೆಯಬೇಕಿತ್ತೇ? ನಿಜವಾದ ದುರಸ್ತಿ ಇದ್ದದ್ದನ್ನೆಲ್ಲ ಇದ್ದಂತೆ ಉಳಿಸುವುದಲ್ಲ. ಕೊಳೆತ ತುಂಡನ್ನು ಗುರುತಿಸಿ ನಿರ್ದಾಕ್ಷಿಣ್ಯವಾಗಿ ಕತ್ತರಿಸುವುದು ಅದರ ಮೊದಲ ಹೆಜ್ಜೆ. ಹುಳು ಹಿಡಿದ ಮರದ ಮೇಲೆ ಮೆರುಗು ಬಳಿಯುವುದು ಮೋಸ. ಹೆಣ್ಣನ್ನು ಬಿಡುವ ಪದ್ಧತಿ ಆ ಕೊಳೆತ ತುಂಡು, ಅದು ಹೋಗಲೇಬೇಕು. ಚೌಡಿಕೆಯ ದನಿ ಹೋಗಬೇಕಿಲ್ಲ. ಎಲ್ಲಮ್ಮನ ಭಕ್ತರಾದ ಜೋಗತಿಯರ ಕಲೆಯನ್ನು ರಂಗಕ್ಕೆ ತಂದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, ಪದ್ಮಶ್ರೀ ಪಡೆದದ್ದು ಆ ಕಲೆ ಗೌರವದಿಂದಲೂ ಬಾಳಬಲ್ಲದು ಎಂಬುದಕ್ಕೆ ಸಾಕ್ಷಿ.

ಇಷ್ಟಾದರೂ ಎಲ್ಲ ದುರಸ್ತಿಗೂ ಕೊನೆಯಿದೆ ಎಂದು ವೈರಾಗ್ಯದ ಪಕ್ಷ ಹೇಳಬಹುದು, ಅದು ಸತ್ಯ. ಸಾಯುವ ದೇಹಕ್ಕೆ ಹೊಸ ಬುರುಡೆ ಸಿಗದು. ಆದರೆ ಕೊನೆಯಿದೆ ಎಂಬ ಅರಿವಿನಿಂದ ಉದಾಸೀನವೇ ಹುಟ್ಟಬೇಕೆಂಬ ನಿಯಮವಿಲ್ಲ. ಹಳೆಯ ಮರಗೆಲಸದಲ್ಲಿ ಬಳಸುತ್ತಿದ್ದ ಮರವಜ್ರದಂಥ ಪ್ರಾಣಿಜನ್ಯ ಅಂಟು ಬಿಸಿ, ತೇವ ತಾಗಿದರೆ ಬಿಟ್ಟುಕೊಳ್ಳುತ್ತದೆ. ಬಿಗಿತದ ದೃಷ್ಟಿಯಿಂದ ಅದು ದೋಷವೆನಿಸಿದರೂ ತಂತಿವಾದ್ಯ ಮಾಡುವವರು ಲೋಕದ ಅನೇಕ ಕಡೆ ಇಂದಿಗೂ ಅದನ್ನೇ ಬಯಸುತ್ತಾರೆ. ನಾಳೆ ಇನ್ನೊಬ್ಬ ಈ ಬೆಸುಗೆಯನ್ನು ಮರಕ್ಕೆ ಗಾಯ ಮಾಡದೆ ಬಿಚ್ಚಬೇಕಾಗುತ್ತದೆ ಎಂಬ ಎಣಿಕೆ ಅದರ ಹಿಂದಿದೆ. ತನ್ನ ಕೆಲಸ ಕೊನೆಯದಲ್ಲ ಎಂದು ಒಪ್ಪಿಕೊಂಡು, ಅದಕ್ಕಾಗಿಯೇ ಇನ್ನಷ್ಟು ಜಾಗ್ರತೆಯಿಂದ ಮಾಡುವುದು ನಶ್ವರತೆಗೆ ಮನುಷ್ಯ ಕೊಡಬಹುದಾದ ಘನವಾದ ಉತ್ತರ. ವೈರಾಗ್ಯದಲ್ಲಿರುವ ವಿನಯ ಇದರಲ್ಲೂ ಇದೆ, ಅದರಲ್ಲಿಲ್ಲದ ಪ್ರೀತಿಯೂ ಇದೆ.

ಈ ಸೀಮೆಯ ಸಂತ, ತಿಂಥಣಿಯ ಮೌನೇಶ್ವರರು ಹುಟ್ಟಿದ್ದು ಮರ, ಲೋಹ, ಕಲ್ಲುಗಳ ಕಸುಬಿನ ವಿಶ್ವಕರ್ಮ ಸಮುದಾಯದಲ್ಲಿ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ತಲೆಬಾಗುವ ಗದ್ದುಗೆ ಅವರದು. ಮುರಿದದ್ದನ್ನು ಕೂಡಿಸುವ ಕೈಗೆ ಈ ಸೀಮೆ ದೈವತ್ವವನ್ನೇ ಕೊಟ್ಟಿದೆ; ಆ ಗೌರವ ಗದ್ದುಗೆಯ ಮುಂದೆ ಮುಗಿದುಹೋಗಬಾರದು. ಹಾಡುವವರಿಗೆ ಶಾಲು ಹೊದಿಸುವ ಭಜನಾ ಮೇಳಗಳೂ ಮಠಗಳೂ ವಾದ್ಯ ಸರಿಮಾಡಿಕೊಡುವ ಬಡಿಗೇರರನ್ನೂ ಅದೇ ಸಾಲಿನಲ್ಲಿ ಕೂರಿಸಬೇಕು, ಅವರ ಮಕ್ಕಳಿಗೆ ಆ ಕೆಲಸ ಮುಂದುವರಿಸುವಷ್ಟು ಕೂಲಿ ಸಿಗಬೇಕು. ದೇಹ ತಂಬೂರಿಯೆಂದು ಹಾಡುವವರು ರೋಗಿಗೆ ಔಷಧ, ಹಸಿದವರಿಗೆ ಅನ್ನ, ಮುದಿಯಾದವರಿಗೆ ಆಸರೆ ಒದಗಿಸುವುದನ್ನು ಲೌಕಿಕವೆಂದು ಬದಿಗಿಡುವಂತಿಲ್ಲ. ನುಡಿಸುವವನು ದೇವರೆಂದು ನಂಬುವವರೂ ಅವನ ವಾದ್ಯಗಳನ್ನು ಶ್ರುತಿಯಲ್ಲಿಡುವ ಕೆಲಸ ಒಬ್ಬರಿಗೊಬ್ಬರು ಮಾಡಬೇಕಾದದ್ದೆಂದು ಒಪ್ಪಲೇಬೇಕು. ಪೂಜೆ ಎಂಬ ಹೆಸರಿಗೆ ಇದಕ್ಕಿಂತ ತಕ್ಕ ಕೆಲಸ ಬೇರೊಂದಿಲ್ಲ.