ಪದವೋ, ಮಾತೋ, ವಚನವೋ

ಹುಣಸಗಿ ಸೀಮೆಯ ಭಜನಾ ಮೇಳದಲ್ಲಿ 'ಒಂದು ಪದ ಹೇಳ್ರಿ' ಎಂದರೆ ತಂಬೂರಿ ಮೀಟಿ ತತ್ವಪದವೊಂದನ್ನು ಎತ್ತಿಕೊಳ್ಳುತ್ತಾರೆ. ಅದೇ ಊರಿನ ಶಾಲೆಯಲ್ಲಿ ಮಾಸ್ತರರು 'ಒಂದು ಪದ ಹೇಳು' ಎಂದರೆ ಮಗು 'ಮರ' ಎನ್ನುತ್ತದೆ. ಮಗುವಿನ ಪದ ಇಂಗ್ಲಿಷಿನ 'ವರ್ಡ್'. ಮೇಳದವರ ಪದಕ್ಕೆ ಪಲ್ಲವಿಯುಂಟು, ನುಡಿಗಳುಂಟು, ಕೊನೆಗೆ ಗುರುವಿನ ಅಂಕಿತವೂ ಉಂಟು.

'ವರ್ಡ್' ಇಂಗ್ಲಿಷಿನಲ್ಲೂ ಒಂದೇ ಅರ್ಥಕ್ಕೆ ನಿಲ್ಲುವುದಿಲ್ಲ. ಅದು ಶಬ್ದ, ಸುದ್ದಿ, ಅಪ್ಪಣೆ, ಜಗಳ, ಆಣೆ; ದೊಡ್ಡಕ್ಷರದಲ್ಲಿ ಬರೆದರೆ ದೇವರು. ವಿಲಿಯಂ ರೀವ್‌ನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾದಂದಿನಿಂದ ಕನ್ನಡದ ನಿಘಂಟುಕಾರರು ಇಂಥ ಪದಗಳೊಡನೆ ಗುದ್ದಾಡುತ್ತಲೇ ಬಂದಿದ್ದಾರೆ.

ಕನ್ನಡದಲ್ಲಿ ಈ ಅರ್ಥಗಳ ಬಹುಪಾಲು ಭಾರವನ್ನು 'ಮಾತು' ಒಂದೇ ಹೊರುತ್ತದೆ. ಮಾತು ಕೊಟ್ಟವನು ಅದನ್ನು ಉಳಿಸಿಕೊಳ್ಳಬೇಕು. ಹಿರಿಯರ ಮಾತು ಕೇಳಬೇಕು, ಮೀರಬಾರದು. ಮಾತಿಗೆ ಮಾತು ಬೆಳೆದರೆ ಜಗಳ. ಆಮೇಲೆ ಎರಡು ಮನೆಯವರು ಮಾತು ಬಿಡುತ್ತಾರೆ. ಪ್ರಾಣವನ್ನೇ ಒತ್ತೆಯಿಡುವಂಥ ಪ್ರತಿಜ್ಞೆಗೆ ಮಾತ್ರ ಕನ್ನಡಿಗರು 'ಭಾಷೆ' ಕೊಡುತ್ತಾರೆ. ಹುಲಿಗೆ ಪುಣ್ಯಕೋಟಿ ಕೊಟ್ಟದ್ದು ಅದನ್ನೇ. ಆಡುವ ನುಡಿಗೂ ಕೊಟ್ಟ ಆಣೆಗೂ ಒಂದೇ ಹೆಸರಿಟ್ಟ ಜನ ನುಡಿಯನ್ನು ಎಷ್ಟು ನಂಬಿದ್ದರು!

ತೊಡಕು ಬರುವುದು ದೇವರ ವಿಷಯಕ್ಕೆ ಬಂದಾಗ. ಯೋಹಾನನ ಸುವಾರ್ತೆಯ ಮೊದಲ ಸಾಲಿನಲ್ಲಿ ಗ್ರೀಕಿನ 'ಲೋಗೋಸ್' ಇದೆ. ಆ ಒಂದು ಪದದಲ್ಲಿ ನುಡಿ, ವಿವೇಕ, ಲೆಕ್ಕ ಎಲ್ಲವೂ ಅಡಗಿವೆ. ಇಂಗ್ಲಿಷಿನವರು ಅದನ್ನು 'ವರ್ಡ್' ಎಂದರು, ಚೀನೀ ಬೈಬಲ್ 'ದಾವ್' ಎಂದಿತು, ಕನ್ನಡ ಬೈಬಲ್ 'ವಾಕ್ಯ' ಎಂದಿತು. ಇಂದಿನ ವ್ಯಾಕರಣದಲ್ಲಿ ವಾಕ್ಯವೆಂದರೆ ಪದಗಳ ಜೋಡಣೆ, ಹಾಗಾಗಿ ಈ ಆಯ್ಕೆ ವಿಚಿತ್ರವೆನಿಸಬಹುದು. ಆದರೆ ವೇದವಾಕ್ಯ, ಮಹಾವಾಕ್ಯ ಎಂಬ ಬಳಕೆ ನಮ್ಮಲ್ಲಿ ಹಳೆಯದು. 'ವಾಕ್ಯಪದೀಯ' ಬರೆದ ಭರ್ತೃಹರಿಗಂತೂ ಇಡೀ ವಾಕ್ಯವೇ ನಿಜ, ಬಿಡಿಪದವೆಂಬುದು ಅದನ್ನು ಬಿಡಿಸಿ ನೋಡುವವರ ಅನುಕೂಲ. ಅನುವಾದಕರು 'ಪದ' ಎಂದಿದ್ದರೆ, ಆದಿಯಲ್ಲಿ ಇದ್ದದ್ದು ಹಾಡು ಎಂದೇ ಹುಣಸಗಿಯ ಭಜನೆಯವರಿಗೆ ಕೇಳಿಸುತ್ತಿತ್ತು. ಅದೂ ತಪ್ಪೆಂದು ಹೇಳುವಂತಿಲ್ಲ.

ಇಷ್ಟೆಲ್ಲ ಆದರೂ ಆ ಜಾಗಕ್ಕೆ ಹೆಚ್ಚು ಹತ್ತಿರದ ಕನ್ನಡ ಪದ 'ವಚನ'. ಅದರ ಬೇರು ಇದೇ ಸೀಮೆಯಲ್ಲಿದೆ. ಆದ್ಯ ವಚನಕಾರನೆಂದು ಹೆಸರಾದ ದೇವರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಕಸುಬು ನೇಯ್ಗೆ, ಅಂಕಿತ ರಾಮನಾಥ. ವೇದ 'ಶ್ರುತಿ', ಅಂದರೆ ಕೇಳಿದ್ದು. ಮೀಮಾಂಸಕರ ಪ್ರಕಾರ ಅದಕ್ಕೆ ಕರ್ತೃವೇ ಇಲ್ಲ. ವಚನ ಹೇಳಿದ್ದು. ಹೇಳಿದವನು ಮಗ್ಗದ ಮುಂದೆ ಕೂತಿದ್ದಾನೆ, ತನ್ನ ದೈವವನ್ನು ಸಾಕ್ಷಿಗೆ ಕರೆದಿದ್ದಾನೆ. ವಚನ ಕೊಡುವುದೆಂದರೆ ಆಣೆ ಮಾಡುವುದು ಎಂಬ ಅರ್ಥ ಆ ಪದದೊಳಗೇ ಇರುವುದರಿಂದ, ಹಾಗೆ ನುಡಿದವನು ತನ್ನ ನುಡಿಗೆ ತಾನೇ ಸಿಕ್ಕಿಬಿದ್ದ. ಇನ್ನು ಅವನು ಹಾಗೆಯೇ ಬದುಕಬೇಕು. ಶರಣರು ನಡೆ-ನುಡಿ ಎಂದು ಎರಡನ್ನೂ ಜೋಡಿಸಿಯೇ ಹೇಳಿದ್ದು ಇದಕ್ಕೆ.

ಇದೇ ಸೀಮೆಯ ಕೊಡೇಕಲ್ಲಿನಲ್ಲಿ ನುಡಿ ಇನ್ನೊಂದು ತಿರುವು ಪಡೆಯಿತು. 16ನೇ ಶತಮಾನದ ಕೊಡೇಕಲ್ ಬಸವಣ್ಣನ ಕಾಲಜ್ಞಾನ ವಚನಗಳು ಮುಂದಾಗುವುದನ್ನು ಹೇಳುತ್ತವೆ. ಅವನ್ನು ಬರೆದಿಡಲು 'ಅಮರಗನ್ನಡ' ಎಂಬ ಗುಪ್ತಲಿಪಿಯೂ ಹುಟ್ಟಿತು. ಆಣೆಯಾಗಿ ಬಂದ ವಚನ ಆಡಿದವನನ್ನು ಕಟ್ಟಿಹಾಕಿದರೆ, ಕಾಲಜ್ಞಾನದ ವಚನ ಕೇಳುವವನನ್ನು ಕಾಯಿಸುತ್ತದೆ.

ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನುಡಿಯೆಂದರೇನು ಎಂಬ ಪ್ರಶ್ನೆಯೇ ಒಂದು ಹೆಸರಾಗಿ ನಿಂತಿದೆ. ಅಲ್ಲಿನ ಗುರು ಮೌನೇಶ್ವರ, ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದವನು. ಅವನ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಹೆಸರಲ್ಲಿ ಮೌನವಿದ್ದರೂ ಅವನು ವಚನಗಳನ್ನು ಬಿಟ್ಟುಹೋಗಿದ್ದಾನೆ. ಇದರಲ್ಲಿ ವಿರೋಧವಿಲ್ಲ. ಮುನಿಯ ಭಾವವೇ ಮೌನ. ಬಾಯಿ ಮುಚ್ಚುವುದು ಅದರ ಹೊರಗುರುತಷ್ಟೇ. ಒಳಗೆ ಮಾಗದೆ ಹೊರಬಿದ್ದದ್ದು ಗದ್ದಲ, ಮಾಗಿ ಬಂದದ್ದು ವಚನ. 'ವರ್ಡ್'ನ ಸಮಾನಾರ್ಥಕಗಳ ಪಟ್ಟಿಗೆ ಮೌನವನ್ನು ಯಾವ ಕೋಶವೂ ಸೇರಿಸಲಾರದು, ತಿಂಥಣಿ ಮಾತ್ರ ಸೇರಿಸಿಕೊಂಡಿದೆ.

ಗಯಟೆಯ ಫೌಸ್ಟ್ 'ಲೋಗೋಸ್'ಗೆ ಜರ್ಮನ್ ಪದ ಹುಡುಕುತ್ತ ನುಡಿ, ಅರಿವು, ಶಕ್ತಿ ಎಂದು ಒಂದೊಂದನ್ನೇ ಬರೆದು ಬಿಟ್ಟು, ಕಡೆಗೆ 'ಕ್ರಿಯೆ' ಎಂದು ನಿಲ್ಲಿಸುತ್ತಾನೆ. ಹುಣಸಗಿಯ ನೆಲ ಅವನ ಪಕ್ಷ ಹಿಡಿಯುವಂತಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1970ರ ದಶಕದಿಂದ ಹುಣಸಗಿ-ಬೈಚಬಾಳ ಕಣಿವೆಗಳನ್ನು ಶೋಧಿಸಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷದ ಕಾಲಮಾನ ಹೊರಬಂತು. ಮಣ್ಣು ಆ ಕೈಗಳ ಕೆಲಸವನ್ನು ಉಳಿಸಿಕೊಂಡಿದೆ, ಬಾಯಿಂದ ಹೊರಟದ್ದನ್ನಲ್ಲ. ಮುದನೂರಿನ ನೇಕಾರ ಇದನ್ನು ಕೇಳಿದ್ದರೆ ಬೆರಗಾಗುತ್ತಿರಲಿಲ್ಲ. ಮಗ್ಗದ ಮುಂದೆ ಕೂತೇ ಅವನು ನುಡಿದದ್ದು.

ನಿಘಂಟು ಮಾಡುವವರಲ್ಲಿ, ಕಾಲೇಜಿನ ಕನ್ನಡ ಅಧ್ಯಾಪಕರಲ್ಲಿ ಒಂದು ಬಿನ್ನಹ. ತತ್ವಪದ, ಹಂತಿಪದ, ಬೀಸುವ ಪದ, ಮೊಹರಮ್ಮಿನ ರಿವಾಯತು ಹಾಡುವ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಹಾಡುಗಳ ಜೊತೆಗೆ ಪದ, ನುಡಿ, ಸೊಲ್ಲು, ಹೇಳಿಕೆ ಎಂಬ ಮಾತುಗಳಿಗೆ ಅವರು ಕೊಡುವ ಅರ್ಥವನ್ನೂ ಬರೆದುಕೊಳ್ಳಿ. ಈ ವರ್ಷವೇ ಹೋಗಿ.