ವೇಷ ಧರಿಸಿದವಳ ಲೆಕ್ಕ

ಬಯಲಾಟದಲ್ಲಿ ರಾತ್ರಿಯೆಲ್ಲಾ ಕೀಚಕನಾಗಿ ಆರ್ಭಟಿಸಿದವನು ಬೆಳಿಗ್ಗೆ ನೇಗಿಲು ಹೊತ್ತು ಹೊಲಕ್ಕೆ ಹೋಗುವಾಗ ಆತನನ್ನು ಯಾರೂ ಕೀಚಕನೆಂದು ದೂರುವದಿಲ್ಲ. ವೇಷ ಧರಿಸಿದವಳು ಸ್ತ್ರೀಯಾಗಿದ್ದು ಆಟವು ಸಿನೆಮಾ ಆಗಿದ್ದರೆ ಈ ನ್ಯಾಯವು ಯಾಕೆ ನಡೆಯುವದಿಲ್ಲ?

ಅಮೇರಿಕದಲ್ಲಿ ಡಯಾನ್ ಥಾರ್ನ್ ಎಂಬ ನಟಿಯಿದ್ದಳು. ಹಾಡುವದರಿಂದಲೂ ನಟಿಸುವದರಿಂದಲೂ ಜೀವನ ಸಾಗಿಸುತ್ತಿದ್ದ ಈಕೆಗೆ, 1975ರಲ್ಲಿ ಹೊರಬಂದ ಒಂದು ಚಿತ್ರದಲ್ಲಿ ಇಲ್ಸಾ ಎಂಬ ಕ್ರೂರಳಾದ ನಾಜಿ ಸೆರೆಶಿಬಿರದ ಅಧಿಕಾರಿಣಿಯ ವೇಷವು ದೊರೆಯಿತು. ನಗ್ನತೆಯನ್ನೂ ಹಿಂಸೆಯನ್ನೂ ತೋರಿಸಿ, ಅಲ್ಪ ಬಂಡವಾಳದಿಂದ ಬಹು ಲಾಭವೆತ್ತುವ ಚಿತ್ರಗಳ ಜಾತಿಗೆ ಅದು ಸೇರಿದ್ದು. ಶಿಬಿರವನ್ನು ಕಟ್ಟುವ ಖರ್ಚು ಸಹ ಬೀಳಲಿಲ್ಲ. ‘ಹೋಗನ್ಸ್ ಹೀರೋಸ್’ ಎಂಬ ಟೆಲಿವಿಜನ್ ಹಾಸ್ಯಕಥೆಗಾಗಿ ಹಿಂದೆ ಕಟ್ಟಿದ್ದ ಸೆರೆಮನೆಯಲ್ಲಿಯೇ ಕೆಲವು ದಿವಸಗಳೊಳಗೆ ಕೆಲಸ ಮುಗಿಯಿತು. ಕಥೆಯ ಕೊನೆಯಲ್ಲಿ ಇಲ್ಸಾ ಸಾಯುತ್ತಾಳೆ. ಆದಾಗ್ಯೂ ಹಣ ಬಂದದರಿಂದ 1976ರಲ್ಲಿ ಅವಳನ್ನು ಎಬ್ಬಿಸಿ ಅರಬರ ನಾಡಿಗೂ, 1977ರಲ್ಲಿ ಸೈಬೀರಿಯಕ್ಕೂ ಕಳುಹಿಸಿದರು!

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮೊದಲನೇ ಚಿತ್ರದ ನಿರ್ಮಾಪಕನಾದ ಡೇವಿಡ್ ಫ್ರೀಡ್‌ಮನ್ ತನ್ನ ಹೆಸರನ್ನು ಅದರಲ್ಲಿ ಹಾಕಿಸದೆ ಹರ್ಮನ್ ಟ್ರೇಗರ್ ಎಂಬ ಸುಳ್ಳು ಹೆಸರನ್ನು ಬರೆಯಿಸಿದನು. ಚಿತ್ರ ನಿರ್ಮಿಸಿದವನಿಗೆ ಮರೆಯಾಗಲು ಉಪಾಯವಿತ್ತು. ಮುಖ ತೋರಿಸಿದವಳಿಗೆ ಅದೆಲ್ಲಿಯದು? ಟಿಕೇಟು ಕೊಂಡು ಕತ್ತಲಲ್ಲಿ ಕೂತವರಿಗಂತೂ ಹೆಸರೇ ಬೇಕಾಗಲಿಲ್ಲ.

ಹಾಗಾದರೆ ಆಕೆಯು ನಿರ್ದೋಷಿಯೋ? ಹಾಗೆಂದು ನಾವು ಹೇಳಲಾರೆವು. ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಶಿಬಿರಗಳಿಂದ ಬದುಕಿ ಬಂದವರು 1975ರಲ್ಲಿ ಇನ್ನೂ ಎಷ್ಟೋ ಮಂದಿ ಇದ್ದರು. ಅವರ ಸಂಕಟವನ್ನು ವಿನೋದವಾಗಿ ಮಾರುವದಕ್ಕೆ ಆಕೆಯು ತನ್ನ ದೇಹವನ್ನೂ ಸ್ವರವನ್ನೂ ಕೊಟ್ಟಳು. ಕೂಲಿಗಾಗಿ ಮಾಡಿದೆನೆಂಬ ಮಾತು ಭಾರವನ್ನು ಸ್ವಲ್ಪ ಇಳಿಸೀತು, ಪೂರಾ ಇಳಿಸದು. ಆದರೆ ಅನೇಕರು ಕೂಡಿ ಹೊರಬೇಕಾದ ಹೊರೆಯನ್ನು ಒಬ್ಬಳ ತಲೆಯ ಮೇಲಿಟ್ಟು ಉಳಿದವರು ಕೈ ತೊಳೆದುಕೊಳ್ಳುವದು ನ್ಯಾಯವೆಂದು ನಮಗೆ ತೋರುವದಿಲ್ಲ.

ಮುಂದೆ ಈ ಡಯಾನ್ ಬೋಧಕಳಾಗಿ ದೀಕ್ಷೆ ಹೊಂದಿ, ಗಂಡನಾದ ಹಾವರ್ಡ್ ಮೌರರ್ ಎಂಬಾತನ ಸಂಗಡ ಲಾಸ್ ವೇಗಸ್ ಪಟ್ಟಣದಲ್ಲಿ ವಧೂವರರಿಗೆ ಮದುವೆ ಮಾಡಿಸುತ್ತಾ ಬಂದಳು. ಆ ಗಂಡನೂ ಇಲ್ಸಾ ಚಿತ್ರಗಳಲ್ಲಿ ನಟಿಸಿದವನೇ. ಆತನನ್ನು ಆ ವೇಷದಿಂದ ಗುರುತಿಸುವವರು ವಿರಳ. 2020ರ ಜನವರಿಯಲ್ಲಿ ಆಕೆಯು ತೀರಿಕೊಂಡಳು. ಮರಣವಾರ್ತೆಯಲ್ಲಿ ಮದುವೆಗಳ ಮಾತು ಹಿಂದೆ ಬಿದ್ದು, ಇಲ್ಸಾಳ ಹೆಸರೇ ಮುಂದೆ ನಿಂತಿತು.